ಹಸಿರು ತಂತಿ ಎಲ್ಲಿಗೆ ಹೋಗುತ್ತದೆ?

ನಮ್ಮ ಭಾವನ ಬಲಗೈ ಹೆಬ್ಬೆರಳಿನ ಬುಡದಲ್ಲಿ ಒಂದು ಬಿಳಿ ಕಲೆ ಇದೆ. ಅವಲಕ್ಕಿ ಕಾಳಿನಷ್ಟು ದೊಡ್ಡದು. ಅದು ನನ್ನ ಸೋಲಾರ್ ಗಾಡಿಯಿಂದ ಆದದ್ದು. ಊಟಕ್ಕೆ ಕೂತಾಗ ಅವನು ಅನ್ನ ಕಲಸುವುದನ್ನು ನೋಡಿದರೆ ಈಗಲೂ ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕಡೆ ಈಗ ಇಂಥ ಗಾಡಿಗಳು, ಪೆಟ್ಟಿಗೆಗಳು ಜಾಸ್ತಿ ಆಗುತ್ತಿವೆ. ನಾನು ನಂಬಿದ್ದನ್ನೇ ನಂಬಿಕೊಂಡು ಓಡಿಸುತ್ತಿರುವವರು ಬೇಕಾದಷ್ಟು ಜನ ಇದ್ದಾರೆ.

ನಮ್ಮದು ಸಿದ್ದಾಪುರ ತಾಲ್ಲೂಕು. ಮನೆ ಮೇಲೆ, ತೋಟ ಕೆಳಗೆ. ಮನೆಗೆ ಕರೆಂಟ್ ಇದೆ, ಕೆಳಗಿನ ತೋಟಕ್ಕೆ ಕಂಬ ಹೋಗಿಲ್ಲ. ಅಡಿಕೆ ಗೊನೆ ಕೊಯ್ಲು ಶುರುವಾದರೆ ಅಷ್ಟೂ ಅಡಿಕೆಯನ್ನು ದರೆ ಹತ್ತಿಸಿ ಮನೆ ಅಂಗಳಕ್ಕೆ ತರುವುದು ದೊಡ್ಡ ಕೆಲಸ. ಕೆಳಗೇ ಚಪ್ಪರ ಹಾಕಿ ಅಲ್ಲೇ ಸುಲಿದರೆ ಅರ್ಧ ಭಾರ ಕಡಿಮೆ. ಅದಕ್ಕೆಂದೇ ಗಾಡಿ ಮಾಡಿದ್ದು. ಕಬ್ಬಿಣದ ತಳ್ಳುಗಾಡಿ, ಅದರ ಮೇಲೆ 330 ವ್ಯಾಟಿನ ಎರಡು ಪ್ಯಾನೆಲ್, ಕೆಳಗೆ 24 ವೋಲ್ಟಿನ ಲಿಥಿಯಂ ಬ್ಯಾಟರಿ, 2 ಕೆವಿಎ ಇನ್ವರ್ಟರ್. ಅರ್ಧ ಎಚ್‌ಪಿ ಮೋಟರಿನ ಸುಲಿಯುವ ಯಂತ್ರ ಒಂದು, ಫ್ಲಡ್ ಲೈಟ್ ಎರಡು. ಅಷ್ಟನ್ನು ಅದು ಆರಾಮಾಗಿ ಎಳೆಯುತ್ತಿತ್ತು.

ಅರ್ಥಿಂಗ್ ಮಾಡದೆ ಬಿಟ್ಟಿರಲಿಲ್ಲ. ಗಾಡಿ ನಿಲ್ಲಿಸಿದಲ್ಲಿ ಎರಡಡಿ ಕಬ್ಬಿಣದ ಸರಳು ಹೊಡೆದು, ಹಸಿರು ತಂತಿಯಿಂದ ಗಾಡಿಗೆ ಬಿಗಿದಿದ್ದೆ. 30 ಮಿಲಿ ಆಂಪಿಯರಿನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನೇ ಬಿದ್ದು ಲೈನ್ ಕಡಿಯುವ ಸ್ವಿಚ್, ಹಾಕಿದ್ದೆ. ತಿಂಗಳಿಗೊಮ್ಮೆ ಅದರ ಮೇಲಿನ 'ಟಿ' ಬಟನ್ ಒತ್ತುತ್ತಿದ್ದೆ. ಟಪ್ ಅಂತ ಬೀಳುತ್ತಿತ್ತು. ಎಲ್ಲ ಸರಿ ಇದೆ ಅಂತ ನೆಮ್ಮದಿಯಿಂದ ಇದ್ದೆ.

ಆವತ್ತು ಡಿಸೆಂಬರ್ ರಾತ್ರಿ, ಎಂಟೂವರೆ ಇರಬಹುದು. ನೆಲವೆಲ್ಲ ಇಬ್ಬನಿ, ಸಿಪ್ಪೆ, ಅಡಿಕೆ ರಸ. ಭಾವ ಯಂತ್ರಕ್ಕೆ ಅಡಿಕೆ ಸುರಿಯುತ್ತಿದ್ದ. ಬೆಳಕು ಸರಿಯಾಗಿ ಬೀಳುತ್ತಿಲ್ಲ ಅಂತ ಒಂದು ಕೈ ಯಂತ್ರದ ಮೇಲೆ ಇಟ್ಟೇ ಇನ್ನೊಂದು ಕೈಯಿಂದ ಲೈಟಿನ ಕಬ್ಬಿಣದ ಕಂಬ ಹಿಡಿದ. ಕೂಗಲಿಲ್ಲ. ಗಂಟಲಿನಿಂದ ಒಂದು ವಿಚಿತ್ರ ಸದ್ದು ಬಂತು, ಅಷ್ಟೇ. ನಾನು ಗಾಡಿಯ ಪಕ್ಕದಲ್ಲೇ ಇದ್ದೆ. ಮೇನ್ ಸ್ವಿಚ್ಚಿನ ಮೇಲೆ ಕೈ ಬಿತ್ತು. ಕತ್ತಲಾಯಿತು. ಅವನು ಸಿಪ್ಪೆ ರಾಶಿಯ ಮೇಲೆ ಬಿದ್ದ ಸದ್ದು ಕೇಳಿತು. ಮೇಲಿನಿಂದ ಅಕ್ಕ "ಎಂತಾ ಆತು?" ಅಂತ ಕೂಗಿದಳು. ನನಗೆ ಉತ್ತರ ಕೊಡಲು ಬಾಯಿ ಬರಲಿಲ್ಲ.

ಆಸ್ಪತ್ರೆಯಲ್ಲಿ ಇಸಿಜಿ ಮಾಡಿ, ಒಂದು ರಾತ್ರಿ ಇಟ್ಟುಕೊಂಡು ಕಳಿಸಿದರು. ಉಳಿದ. ಕೈಯಿಂದ ಕೈಗೆ ಹೋಗುವ ಕರೆಂಟ್ ಎದೆಯ ಮೂಲಕವೇ ಹೋಗುತ್ತದೆ. ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲಾರೆ.

ಮರುದಿನದಿಂದ ನನ್ನನ್ನು ಕೊರೆದದ್ದು ಒಂದೇ ಪ್ರಶ್ನೆ. ಸರಳು ಇತ್ತು, ಆರ್‌ಸಿಸಿಬಿ ಇತ್ತು, ಬಟನ್ ಒತ್ತಿದರೆ ಬೀಳುತ್ತಿತ್ತು. ಮತ್ತೆ ಯಾಕೆ ಬೀಳಲಿಲ್ಲ?

ಎಲ್ಲವನ್ನೂ ಬಿಚ್ಚಿ ಅಂಗಳದಲ್ಲಿ ಹರಡಿದೆ. ಯಂತ್ರದ ತಗಡಿನಲ್ಲಿ ವೈರ್ ಒಳಗೆ ಹೋಗುವ ತೂತಿನ ರಬ್ಬರ್ ಬುಶ್ ಬಿದ್ದುಹೋಗಿತ್ತು. ನಡುಕಕ್ಕೆ ತಗಡಿನ ಅಂಚು ಫೇಸ್ ವೈರನ್ನು ಕೊಯ್ದು, ತಾಮ್ರ ತಗಡಿಗೆ ತಾಗಿತ್ತು. ಇದು ಒಂದು. ಲೈಟಿನ ಕೇಬಲ್ಲನ್ನು ಕಂಬಕ್ಕೆ ಬೈಂಡಿಂಗ್ ವೈರಿನಿಂದ ಬಿಗಿದಿದ್ದೆವು. ಅದು ರಬ್ಬರಿನೊಳಗೆ ಇಳಿದು ನ್ಯೂಟ್ರಲ್ಲನ್ನು ಮುಟ್ಟಿತ್ತು. ಇದು ಎರಡು. ಯಂತ್ರದ ಮೈ ಫೇಸ್, ಕಂಬದ ಮೈ ನ್ಯೂಟ್ರಲ್. ಅವೆರಡರ ನಡುವೆ ಭಾವ.

ಆಮೇಲೆ ಎಕ್ಸ್‌ಟೆನ್ಷನ್ ಬೋರ್ಡ್ ಬಿಚ್ಚಿದೆ. ಹೊರಗಿನಿಂದ ನೋಡಲು ಚೆನ್ನಾಗಿತ್ತು. ಮೂರು ತೂತಿನ ಸಾಕೆಟ್, ಮೂರು ಪಿನ್ನಿನ ಟಾಪ್. ಸ್ಕ್ರೂ ತೆಗೆದು ಮುಚ್ಚಳ ಎತ್ತಿದರೆ ಒಳಗೆ ಎರಡೇ ವೈರ್. ಮೇಲಿನ ದೊಡ್ಡ ಪಿನ್ನಿನ ಹಿತ್ತಾಳೆ ಸ್ಕ್ರೂ ಹೊಸದಾಗಿಯೇ ಹೊಳೆಯುತ್ತಿತ್ತು. ಅದರ ಸುತ್ತ ತಂತಿ ಸುತ್ತಿದ ಗುರುತೇ ಇರಲಿಲ್ಲ. ಅಂಗಡಿಯಿಂದ ತಂದಾಗಿನಿಂದಲೂ ಹಾಗೇ ಇತ್ತು. ಆ ಪಿನ್ ಉಳಿದೆರಡಕ್ಕಿಂತ ಉದ್ದ ಇರುವುದೇ ಅದು ಮೊದಲು ತಾಗಿ, ಕೊನೆಗೆ ಬಿಡಲಿ ಅಂತ. ನನ್ನ ಬೋರ್ಡಿನಲ್ಲಿ ಅದು ಬರೀ ಹಿತ್ತಾಳೆ ಕಡ್ಡಿ.

ಅಂದರೆ ಸರಳಿನ ಹಸಿರು ತಂತಿ ಗಾಡಿಯ ತನಕ ಬಂದು ನಿಂತಿತ್ತು. ಯಂತ್ರಕ್ಕೆ, ಕಂಬಕ್ಕೆ ಹೋಗಿರಲೇ ಇಲ್ಲ. ನಾನು ಅರ್ಥಿಂಗ್ ಮಾಡಿದ್ದು ಗಾಡಿಗೆ. ಮುಟ್ಟುತ್ತಿದ್ದದ್ದು ಯಂತ್ರವನ್ನು.

ಆದರೆ ಅಷ್ಟೇ ಆಗಿದ್ದರೆ ಈ ಬರಹ ಇಲ್ಲಿಗೇ ಮುಗಿಯುತ್ತಿತ್ತು. ಫೇಸ್ ತಗಡಿಗೆ ತಾಗಿ ಎರಡು ದಿನ ಆಗಿತ್ತೆಂದು ನನ್ನ ಅಂದಾಜು. ಯಾಕೆಂದರೆ ಭಾವ ಆಸ್ಪತ್ರೆಯಿಂದ ಬಂದ ಮೇಲೆ ಹೇಳಿದ, "ಎರಡು ದಿವಸದಿಂದ ಯಂತ್ರ ಮುಟ್ಟಿದರೆ ಸ್ವಲ್ಪ ಜುಮ್ ಅಂತಿತ್ತು. ಚಳಿಗೆ ಇರಬೇಕು ಅಂದ್ಕೊಂಡೆ." ಬರಿಗಾಲು, ಒದ್ದೆ ನೆಲ, ಯಂತ್ರದ ಮೈಮೇಲೆ 230 ವೋಲ್ಟಿನ ಫೇಸ್. ಮನೆಯ ಲೈನಿನಲ್ಲಿ ಹೀಗಾಗಿದ್ದರೆ ಮೊದಲನೇ ದಿನವೇ ಹೊಡೆದು ಬೀಳಿಸುತ್ತಿತ್ತು. ಇಲ್ಲಿ ಬರೀ ಜುಮ್. ಯಾಕೆ?

ಕರೆಂಟ್ ಅಂದರೆ ನೆಲಕ್ಕೆ ಬಿಟ್ಟರೆ ಇಂಗಿಹೋಗುವ ನೀರಲ್ಲ. ನಾನು ಬಹಳ ವರ್ಷ ಹಾಗೇ ತಿಳಿದಿದ್ದೆ. ಅದು ಮೇಯಲು ಬಿಟ್ಟ ದನದ ಹಾಗೆ. ಎಲ್ಲಿ ಅಲೆದರೂ ಹೊರಟ ಕೊಟ್ಟಿಗೆಗೇ ಮರಳಬೇಕು. ಮರಳುವ ದಾರಿ ಇಲ್ಲದಿದ್ದರೆ ಅದು ಹೊರಡುವುದೇ ಇಲ್ಲ. ಮನೆಯ ಕರೆಂಟಿಗೆ ಊರಿನ ಟ್ರಾನ್ಸ್‌ಫಾರ್ಮರ್ ಕೊಟ್ಟಿಗೆ. ಅಲ್ಲಿ ನ್ಯೂಟ್ರಲ್ಲನ್ನು ನೆಲಕ್ಕೆ ಕಟ್ಟಿರುತ್ತಾರೆ. ಹಾಗಾಗಿ ನೆಲವೇ ಮರಳುವ ದಾರಿ ಆಗುತ್ತದೆ. ನಾವು ನೆಲದ ಮೇಲೆ ನಿಂತು ಫೇಸ್ ಮುಟ್ಟಿದರೆ ಹೊಡೆಯುವುದು ಅದಕ್ಕೇ. ನನ್ನ ಗಾಡಿಯಲ್ಲಿ ಕೊಟ್ಟಿಗೆ ಅಂದರೆ ಇನ್ವರ್ಟರ್. ಅದರ ಎರಡು ಔಟ್‌ಪುಟ್ ತಂತಿಗಳಲ್ಲಿ ಯಾವುದಕ್ಕೂ ನೆಲದ ಸಂಬಂಧ ಇರಲಿಲ್ಲ. ಇಂಥದ್ದನ್ನು ಫ್ಲೋಟಿಂಗ್ ಅನ್ನುತ್ತಾರೆ. ಟೆಸ್ಟರ್ ಇಟ್ಟು ನೋಡಿದರೆ ಎರಡೂ ತೂತಿನಲ್ಲಿ ಮಂಕಾಗಿ ಉರಿಯುತ್ತದೆ. ಒಂದರಲ್ಲಿ ಜೋರು, ಇನ್ನೊಂದರಲ್ಲಿ ಇಲ್ಲ ಅಂತ ಆಗುವುದಿಲ್ಲ. ಭಾವನಿಗೆ ಜುಮ್ ಅಂದದ್ದು ಇನ್ವರ್ಟರಿನೊಳಗಿನ ಫಿಲ್ಟರ್ ಕೆಪಾಸಿಟರಿನ ಮೂಲಕ ಹೇಗೋ ದಾರಿ ಹುಡುಕಿಕೊಂಡ ಸಣ್ಣ ಕರೆಂಟ್.

ಒಂದು ತಪ್ಪಿನ ಮಟ್ಟಿಗೆ ಫ್ಲೋಟಿಂಗ್ ಒಳ್ಳೆಯದೇ, ಜೀವ ಉಳಿಸುತ್ತದೆ. ಕೆಟ್ಟದ್ದು ಏನೆಂದರೆ ಆ ಮೊದಲ ತಪ್ಪು ಯಾರಿಗೂ ಗೊತ್ತಾಗುವುದಿಲ್ಲ. ಕರೆಂಟ್ ಮಿತಿಮೀರಿದರೆ ಬೀಳುವ ಎಂಸಿಬಿ ಸ್ವಿಚ್ ಬೀಳುವುದಿಲ್ಲ, ಆರ್‌ಸಿಸಿಬಿ ಬೀಳುವುದಿಲ್ಲ, ಯಂತ್ರ ನಿಲ್ಲುವುದಿಲ್ಲ. ಅದು ಸುಮ್ನೆ ಕೂತು ಎರಡನೇ ತಪ್ಪಿಗೆ ಕಾಯುತ್ತದೆ.

ಎರಡನೆಯದು ಬಂದಾಗಲೂ ಆರ್‌ಸಿಸಿಬಿ ಬೀಳದಿದ್ದದ್ದಕ್ಕೆ ಕಾರಣ ಸರಳ. ಹೋದ ಕರೆಂಟ್, ಬಂದ ಕರೆಂಟ್ ಎರಡನ್ನೂ ಅದು ತೂಗಿ ನೋಡುತ್ತದೆ. 30 ಮಿಲಿ ಆಂಪಿಯರ್ ವ್ಯತ್ಯಾಸ ಬಂದರೆ ಬೀಳಲೇಬೇಕು. ಭಾವನ ಒಂದು ಕೈಗೆ ಫೇಸಿನಿಂದ ಹೋದದ್ದು ಇನ್ನೊಂದು ಕೈಯಿಂದ ನ್ಯೂಟ್ರಲ್ಲಿಗೆ ಪೂರ್ತಿ ಮರಳಿತು. ತೂಕ ಸರಿಹೋಯಿತು. ಅವನೂ ಒಂದು ಬಲ್ಬೂ ಆರ್‌ಸಿಸಿಬಿಗೆ ಒಂದೇ. ಟಿ ಬಟನ್? ಅದು ಒಳಗೇ ಫೇಸಿನಿಂದ ನ್ಯೂಟ್ರಲ್ಲಿಗೆ ಒಂದು ರೆಸಿಸ್ಟರ್ ಜೋಡಿಸುತ್ತದೆ. ಅರ್ಥ್ ವೈರ್ ಇಲ್ಲದಿದ್ದರೂ ಬಟನ್ ಒತ್ತಿದರೆ ಬೀಳುತ್ತದೆ. ಸ್ವಿಚ್ ಕೆಟ್ಟಿಲ್ಲ ಅಂತ ಮಾತ್ರ ಅದು ಹೇಳುವುದು. ಅರ್ಥಿಂಗ್ ಇದೆ ಅಂತ ಅಲ್ಲ.

ಇನ್ನು ಆ ಸರಳು. ಗುತ್ತಿಗೆದಾರನಾಗಿರುವ ಒಬ್ಬ ಗೆಳೆಯ ಅರ್ಥ್ ಟೆಸ್ಟರ್ ತಂದು ಅಳೆದುಕೊಟ್ಟ. ನಮ್ಮ ಚಿರೆಕಲ್ಲಿನ ನೆಲದಲ್ಲಿ ಎರಡಡಿ ಸರಳು 210 ಓಮ್ ತೋರಿಸಿತು. 230 ವೋಲ್ಟನ್ನು 210ರಿಂದ ಭಾಗಿಸಿ. ಒಂದು ಆಂಪಿಯರಿಗಿಂತ ಚೂರು ಜಾಸ್ತಿ. 6 ಆಂಪಿಯರಿನ ಎಂಸಿಬಿಗೆ ಅದು ಗೊತ್ತೂ ಆಗುವುದಿಲ್ಲ. ಅದೂ ಮರಳುವ ದಾರಿ ಇದ್ದಾಗ. ನನ್ನಲ್ಲಿ ಅದೂ ಇರಲಿಲ್ಲವಲ್ಲ. ಊರಲ್ಲೆಲ್ಲ ಗೂಟ ಹೊಡೆದರೆ ಅರ್ಥ್ ಆಯಿತು ಅನ್ನುತ್ತಾರೆ. ಇದ್ದಿಲು ಉಪ್ಪು ಹಾಕಿದೆಯಾ, ನೀರು ಹಾಕಿದೆಯಾ ಅಂತ ಕೇಳುತ್ತಾರೆ. ಯಂತ್ರದ ಮೈಯಿಂದ ಇನ್ವರ್ಟರಿನ ತನಕ ಹಸಿರು ತಂತಿ ತುಂಡಾಗದೆ ಹೋಗಿದೆಯಾ ಅಂತ ಒಬ್ಬರೂ ಕೇಳುವುದಿಲ್ಲ. ಮೊದಲು ಕೇಳಬೇಕಾದದ್ದು ಅದು. ಓಡಾಡುವ ಗಾಡಿಗಂತೂ ಗೂಟಕ್ಕಿಂತ ಆ ತಂತಿ ಹತ್ತು ಪಾಲು ಮುಖ್ಯ. ಅಮೆರಿಕದ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿನಲ್ಲಿ, ಸಣ್ಣ ಜನರೇಟರಿನ ಸಾಕೆಟ್ಟಿಗೇ ನೇರವಾಗಿ ಪ್ಲಗ್ ಹಾಕಿ ಬಳಸುವಾಗ, ಹಸಿರು ತಂತಿಗಳೆಲ್ಲ ಅದರ ಮೈಗೆ ಸರಿಯಾಗಿ ಸೇರಿದ್ದರೆ ನೆಲಕ್ಕೆ ಗೂಟ ಕಡ್ಡಾಯ ಅಲ್ಲ. ಓದಿದಾಗ ನನಗೆ ನಂಬಲಿಕ್ಕೇ ಆಗಲಿಲ್ಲ.

ಈಗ ಗಾಡಿ ಹೇಗಿದೆ ಹೇಳುತ್ತೇನೆ.

ಎರಡು ಕೋರಿನ ಕೇಬಲ್ ಒಂದನ್ನೂ ಇಟ್ಟುಕೊಂಡಿಲ್ಲ. ಎಲ್ಲ ಮೂರು ಕೋರಿನದು, ಕಂದು, ನೀಲಿ, ಹಸಿರು-ಹಳದಿ. ಯಂತ್ರ, ಲೈಟಿನ ಕಂಬಗಳು, ಇನ್ವರ್ಟರಿನ ಮೈ, ಗಾಡಿಯ ಕಬ್ಬಿಣ, ಪ್ಯಾನೆಲ್ಲಿನ ಚೌಕಟ್ಟು, ಎಲ್ಲದರ ಹಸಿರು ತಂತಿ ಒಂದೇ ಹಿತ್ತಾಳೆ ಪಟ್ಟಿಗೆ ಬಂದು ಸೇರುತ್ತದೆ. ಇಷ್ಟು ಮಾಡಿದ್ದರೂ ಭಾವನಿಗೆ ಏನೂ ಆಗುತ್ತಿರಲಿಲ್ಲ. ಎರಡನೇ ತಪ್ಪಾದ ಕ್ಷಣವೇ ಫೇಸೂ ನ್ಯೂಟ್ರಲ್ಲೂ ಹಸಿರು ತಂತಿಯ ಮೂಲಕ ಶಾರ್ಟ್ ಆಗಿ ಎಲ್ಲ ಆಫ್ ಆಗುತ್ತಿತ್ತು.

ಆದರೆ ಎರಡನೆಯದಕ್ಕೆ ಯಾಕೆ ಕಾಯಬೇಕು, ಮೊದಲನೆಯದೇ ಗೊತ್ತಾಗಲಿ ಅಂತ ಇನ್ವರ್ಟರಿನ ನ್ಯೂಟ್ರಲ್ಲನ್ನು ಆ ಹಿತ್ತಾಳೆ ಪಟ್ಟಿಗೆ ಕಟ್ಟಿದೆ. ಬಾಂಡಿಂಗ್ ಅನ್ನುತ್ತಾರೆ. ಇದನ್ನು ಕಣ್ಣುಮುಚ್ಚಿ ಮಾಡುವ ಹಾಗಿಲ್ಲ. ನನ್ನದು ಒಳಗೆ ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಇನ್ವರ್ಟರ್. ಔಟ್‌ಪುಟ್ಟಿಗೂ ಬ್ಯಾಟರಿಗೂ ತಂತಿಯ ಸಂಬಂಧ ಇಲ್ಲ. ಜೊತೆಗೆ ಬಂದ ಪುಸ್ತಕದಲ್ಲೂ ಬಾಂಡ್ ಮಾಡಬಹುದು ಅಂತ ಇತ್ತು. ಕಡಿಮೆ ಬೆಲೆಯ ಎಷ್ಟೋ ಹಗುರ ಇನ್ವರ್ಟರುಗಳಲ್ಲಿ ಹಾಗಿರುವುದಿಲ್ಲ. ಅವಕ್ಕೆ ನ್ಯೂಟ್ರಲ್ ಅಂತ ಒಂದು ನಿಜವಾಗಿ ಇರುವುದೇ ಇಲ್ಲ. ಕಟ್ಟಿದರೆ ಇನ್ವರ್ಟರ್ ಸುಟ್ಟುಹೋಗಬಹುದು. ಪುಸ್ತಕದಲ್ಲಿ ಸ್ಪಷ್ಟವಾಗಿ ಬರೆದಿಲ್ಲದಿದ್ದರೆ ಮಾಡಬೇಡಿ. ಇನ್ನೊಂದು ಮಾತು. ಬಾಂಡ್ ಮಾಡಿದ ಮೇಲೆ ಒಂದು ತಂತಿ ಮುಟ್ಟಿದರೂ ಮನೆಯ ಕರೆಂಟಿನ ಹಾಗೇ ಹೊಡೆಯುತ್ತದೆ. ಹಾಗಾಗಿ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇಲ್ಲದೆ ಬಾಂಡ್ ಮಾಡಲೇಬಾರದು. ಎರಡೂ ಇರಬೇಕು, ಇಲ್ಲಾ ಎರಡೂ ಬೇಡ.

ಇಲ್ಲೇ ನಾನು ಮತ್ತೊಂದು ತಪ್ಪು ಮಾಡಿದೆ. ಜಾಗ ಅನುಕೂಲ ಇತ್ತು ಅಂತ ಆರ್‌ಸಿಸಿಬಿ ದಾಟಿದ ಮೇಲೆ ಬಾಂಡ್ ಮಾಡಿದೆ. ಪರೀಕ್ಷೆಗೆ ಒಂದು ಝೀರೋ ಬಲ್ಬ್ ತಗೊಂಡೆ. ಹೆಸರು ಝೀರೋ ಅಂತಿದ್ದರೂ ಹಳೇ ಫಿಲಮೆಂಟ್ ಬಲ್ಬ್ 12ರಿಂದ 15 ವ್ಯಾಟ್ ಎಳೆಯುತ್ತದೆ, ಅಂದರೆ 50 ಮಿಲಿ ಆಂಪಿಯರಿಗಿಂತ ಜಾಸ್ತಿ. ಅದನ್ನು ಫೇಸಿಗೂ ಅರ್ಥಿಗೂ ನಡುವೆ ಕೊಟ್ಟರೆ ಆರ್‌ಸಿಸಿಬಿ ಬೀಳಲೇಬೇಕು. ಗೆಳೆಯನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಕಟ್ಟಿಗೆ ಹಲಗೆಯ ಮೇಲೆ ನಿಂತು ಸ್ವಿಚ್ ಹಾಕಿದೆ. ಬಲ್ಬ್ ಕೆಂಪಗೆ ಉರಿಯಿತು. ಉರಿಯುತ್ತಲೇ ಇತ್ತು. ನನ್ನ ಹೊಟ್ಟೆಯಲ್ಲಿ ಏನೋ ಕುಸಿದ ಹಾಗಾಯಿತು. ಅರ್ಥ್ ವೈರಿಗೆ ಹೋದ ಕರೆಂಟ್ ಬಾಂಡಿನ ಮೂಲಕ ಮತ್ತೆ ನ್ಯೂಟ್ರಲ್ಲಿಗೆ ಸೇರಿ, ಆರ್‌ಸಿಸಿಬಿಯ ಒಳಗಿನಿಂದಲೇ ವಾಪಸ್ ಹೋಗುತ್ತಿತ್ತು. ತೂಕ ಮತ್ತೆ ಸರಿಯಾಗಿತ್ತು. ಬಾಂಡಿನ ತಂತಿಯನ್ನು ಬಿಚ್ಚಿ ಆರ್‌ಸಿಸಿಬಿಯ ಹಿಂದಕ್ಕೆ, ಇನ್ವರ್ಟರಿನ ಕಡೆಗೆ ತಂದೆ. ಬರೀ ಒಂದಡಿ ಆಚೆ. ಮತ್ತೆ ಸ್ವಿಚ್ ಹಾಕಿದೆ. ಟಪ್. ಬಲ್ಬ್ ಉರಿಯಲೇ ಇಲ್ಲ. ನಾವಿಬ್ಬರೂ ಸ್ವಲ್ಪ ಹೊತ್ತು ಆ ಕತ್ತಲ ಬಲ್ಬನ್ನೇ ನೋಡುತ್ತ ನಿಂತೆವು.

ಹೀಗಾದ ಮೇಲೆ ಆ 210 ಓಮಿನ ಸರಳಿಗೂ ಬೆಲೆ ಬಂತು ನೋಡಿ. ಯಾವುದೋ ಯಂತ್ರದ ಹಸಿರು ತಂತಿ ಕಿತ್ತುಹೋಗಿ, ಅದರ ಮೈಗೆ ಫೇಸ್ ತಾಗಿ, ನೆಲದ ಮೇಲೆ ನಿಂತು ಯಾರಾದರೂ ಮುಟ್ಟಿದರೆ ನೆಲ, ಸರಳು, ಬಾಂಡ್ ಹೀಗೆ ದಾರಿ ಸಿಗುತ್ತದೆ. 30 ಮಿಲಿ ಆಂಪಿಯರ್ ಹರಿಯಲು 210 ಓಮ್ ಅಡ್ಡಿಯೇ ಅಲ್ಲ. ಆರ್‌ಸಿಸಿಬಿ ಬೀಳುತ್ತದೆ. ಒಂದು ಸಲ ಹೊಡೆಯುತ್ತದೆ ನಿಜ, ಆದರೆ ಹಿಡಿದುಕೊಳ್ಳುವುದಿಲ್ಲ. ಈಗ ಎರಡಡಿಯ ಬದಲು ನಾಲ್ಕಡಿ ಜಿಐ ಪೈಪ್ ಇಟ್ಟುಕೊಂಡಿದ್ದೇನೆ. ಬಚ್ಚಲ ನೀರು ಹೋಗುವ ಕಡೆಯೋ ಕಾಲುವೆ ಪಕ್ಕವೋ ನೋಡಿ ಹೊಡೆಯುತ್ತೇನೆ.

ಗಾಡಿಯನ್ನು ಮನೆಯ ಕರೆಂಟಿಗೆ ಇನ್ವರ್ಟರಿನ ಮೂಲಕ ಜೋಡಿಸುವುದನ್ನು ಬಿಟ್ಟೆ. ಮನೆಯ ನ್ಯೂಟ್ರಲ್ ಆಗಲೇ ನೆಲಕ್ಕೆ ಕಟ್ಟಿರುತ್ತದೆ, ಬಾಂಡ್ ಎರಡು ಕಡೆ ಆಗಬಾರದು. ಮಳೆಗಾಲದಲ್ಲಿ ಚಾರ್ಜ್ ಮಾಡಲು ಬ್ಯಾಟರಿಗೇ ಬೇರೆ ಚಾರ್ಜರ್ ಇದೆ.

ಪ್ಯಾನೆಲ್ ಚೌಕಟ್ಟಿನ ವಿಷಯ ಚಿಕ್ಕದು, ಆದರೆ ಎಲ್ಲರೂ ಅಲ್ಲೇ ತಪ್ಪುತ್ತಾರೆ. ಅಲ್ಯೂಮಿನಿಯಂ ಮೇಲೆ ಆನೊಡೈಸಿಂಗ್ ಪದರ ಇರುತ್ತದೆ. ಕಣ್ಣಿಗೆ ಲೋಹ, ಕರೆಂಟಿಗೆ ಬಣ್ಣ ಬಳಿದ ಹಾಗೆ. ಸುಮ್ನೆ ಬೋಲ್ಟ್ ಬಿಗಿದು ಮಲ್ಟಿಮೀಟರ್ ಇಟ್ಟರೆ ಬೀಪ್ ಬರಲಿಲ್ಲ. ಹಲ್ಲಿರುವ ವಾಷರ್ ಹಾಕಿ ಬಿಗಿದ ಮೇಲೆ ಬಂತು. ಬರೀ ತಾಮ್ರವನ್ನು ಅಲ್ಯೂಮಿನಿಯಂಗೆ ತಾಗಿಸಬೇಡಿ, ನಮ್ಮ ಮಳೆಗೆ ಒಂದೇ ವರ್ಷದಲ್ಲಿ ತಿಂದುಹಾಕುತ್ತದೆ. ತವರ ಲೇಪಿಸಿದ ಲಗ್, ಸ್ಟೀಲ್ ಬೋಲ್ಟ್ ಹಾಕಿ. ಚೌಕಟ್ಟಿನಲ್ಲೇ ಅರ್ಥಿನ ಗುರುತು ಕೊರೆದ ತೂತು ಇರುತ್ತದೆ, ಅದನ್ನೇ ಬಳಸಿ.

ಏಪ್ರಿಲ್ ಮೇ ತಿಂಗಳ ಗುಡುಗಿಗೆ ಇದ್ಯಾವುದೂ ಉತ್ತರ ಅಲ್ಲ. ನಾಲ್ಕಡಿ ಪೈಪ್ ಸಿಡಿಲನ್ನು ತಡೆಯುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಪುಣೆಯ ಹವಾಮಾನ ಸಂಶೋಧನಾ ಸಂಸ್ಥೆ ಐಐಟಿಎಂನವರ ದಾಮಿನಿ ಆ್ಯಪ್ ಫೋನಿನಲ್ಲಿದೆ. ಸುತ್ತ 20, 40 ಕಿಲೋಮೀಟರಿನೊಳಗೆ ಸಿಡಿಲು ಕಂಡರೆ ಎಚ್ಚರಿಸುತ್ತದೆ. ಆಗಲೇ ಪ್ಯಾನೆಲ್ ವೈರ್ ಕಳಚಿ, ಗಾಡಿ ಅಲ್ಲೇ ಬಿಟ್ಟು, ಎಲ್ಲರೂ ಮನೆಗೆ ಹೋಗುತ್ತೇವೆ. ಗುಡುಗು ತಲೆ ಮೇಲೆ ಬಂದ ಮೇಲೆ ವೈರ್ ಕಳಚಲು ಹೋಗುವುದಿಲ್ಲ, ಹೋದರೆ ಗಾಡಿ ಹೋಗಲಿ. ದನಗಳನ್ನೂ ಗಾಡಿಯ ಹತ್ತಿರ, ಪೈಪಿನ ಹತ್ತಿರ ಕಟ್ಟುವುದಿಲ್ಲ. ಸಿಡಿಲು ನೆಲಕ್ಕೆ ಇಳಿದಾಗ ಮುಂಗಾಲಿಗೂ ಹಿಂಗಾಲಿಗೂ ವೋಲ್ಟೇಜ್ ಬೇರೆ ಬೇರೆ ಆಗುತ್ತದೆ. ದೂರ ಬಿದ್ದ ಸಿಡಿಲಿಗೂ ದನ ಸಾಯುವುದು ಅದಕ್ಕೆ.

ಅಂಗಡಿಯಲ್ಲಿ ಸಿಗುವ, ಬ್ಯಾಟರಿ ಇನ್ವರ್ಟರ್ ಒಳಗೇ ಇರುವ ರೆಡಿಮೇಡ್ ಪವರ್ ಸ್ಟೇಷನ್ ಪೆಟ್ಟಿಗೆ ಇಟ್ಟುಕೊಂಡವರು ನನ್ನ ಹಾಗೆ ಒಳಗೆ ಕೈ ಹಾಕಬೇಡಿ. ಅವು ಹೆಚ್ಚಾಗಿ ಫ್ಲೋಟಿಂಗ್ ಇರುತ್ತವೆ. ಹಾಗೇ ಇರಲಿ. ಕಬ್ಬಿಣದ ಮೈಯ ಯಂತ್ರ ಒಂದು ಸಲಕ್ಕೆ ಒಂದೇ ಹಾಕಿ. ಒಂದೇ ಇದ್ದರೆ ಫ್ಲೋಟಿಂಗ್ ನಿಜವಾಗಿಯೂ ಕಾಪಾಡುತ್ತದೆ. ಎರಡಾದ ಕೂಡಲೇ ಅವೆರಡರ ಮೈಯನ್ನು ಹಸಿರು ತಂತಿ ಒಂದು ಮಾಡಿರಲೇಬೇಕು. ಚೌಕದೊಳಗೆ ಚೌಕ ಇರುವ ಗುರುತಿನ ಡಬಲ್ ಇನ್ಸುಲೇಷನ್ ಡ್ರಿಲ್ಲು, ಪ್ಲಾಸ್ಟಿಕ್ ಮೈಯ ದೀಪ, ಇವಕ್ಕೆ ಚಿಂತೆ ಇಲ್ಲ. ಯಾವುದನ್ನಾದರೂ ಮುಟ್ಟಿದಾಗ ಜುಮ್ ಅಂದರೆ ಚಳಿ ಅಂದುಕೊಳ್ಳಬೇಡಿ. ಅಲ್ಲೇ ಆಫ್ ಮಾಡಿ.

ಮೊನ್ನೆ ಪಕ್ಕದ ಊರಿನ ಆಲೆಮನೆಗೆ ಗಾಡಿ ಕೇಳಿದ್ದರು, ದೀಪಕ್ಕೆ. ಕೊಟ್ಟೆ, ಜೊತೆಗೆ ನಾನೂ ಹೋದೆ. ಭಾವನೂ ಬಂದ. ಅಲ್ಲಿಯ ಹುಡುಗರು ದೀಪಕ್ಕೆ ಅಂತ ತಮ್ಮದೇ ಒಂದು ಉದ್ದ ಎಕ್ಸ್‌ಟೆನ್ಷನ್ ತಂದಿದ್ದರು, ಮೂರು ಪಿನ್ನಿನದು. ಪ್ಲಗ್ ಹಾಕುವ ಮೊದಲು ಭಾವ ಕೈಚಾಚಿ ಇಸಕೊಂಡ. ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು ಟಾಪ್ ಬಿಚ್ಚಿ ಒಳಗೆ ನೋಡಿದ. ನನ್ನ ಕಡೆ ತಿರುಗಿ ಎರಡು ಬೆರಳು ತೋರಿಸಿದ. ಆ ಕೇಬಲ್ಲನ್ನು ಸುರುಳಿ ಸುತ್ತಿ ಕಬ್ಬಿನ ಸಿಪ್ಪೆಯ ಆಚೆ ಇಟ್ಟು, "ಭಾವ, ನಮ್ಮದನ್ನೇ ಎಳಿ" ಅಂದ.